ಕಾರಿನೊಳಗಿನ ಬಟನ್‌ಗಳು ಎಲ್ಲಿ ಹೋದವು?

ಮಕ್ಕಳೇ, ಹೋದ ಮಳೆಗಾಲದಲ್ಲಿ ನಾನು ನಮ್ಮ ದೊಡ್ಡಪ್ಪನ ಮಗನ ಹೊಸ ಕಾರಿನಲ್ಲಿ ಜಹೀರಾಬಾದಿನಿಂದ ತಾಂಡೂರಿಗೆ ಹೊರಟಿದ್ದೆ. ಅಣ್ಣ ಗಾಡಿ ನಡೆಸುತ್ತಿದ್ದ, ನಾನು ಪಕ್ಕದಲ್ಲಿ, ದೊಡ್ಡವ್ವ ಮತ್ತು ಅತ್ತಿಗೆ ಹಿಂದೆ. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಕಿಟಕಿ ಏರಿಸಿದೆವು. ಐದೇ ನಿಮಿಷ, ಮುಂದಿನ ಗಾಜು ಒಳಗಿನಿಂದ ಮಬ್ಬು ಹಿಡಿದು ಬೆಳ್ಳಗಾಯಿತು.

ಗಾಜಿಗೆ ಗಾಳಿ ಬಿಟ್ಟರೆ ಮಬ್ಬು ಹೋಗುತ್ತದೆ ಅಂತ ಅಣ್ಣನಿಗೂ ಗೊತ್ತು, ನನಗೂ ಗೊತ್ತು. ಆದರೆ ಅದರ ಬಟನ್ ಎಲ್ಲಿ? ಕಾರಿನ ಮುಂಭಾಗದಲ್ಲಿ ಒಂದೂ ಬಟನ್ ಇಲ್ಲ. ನಡುವೆ ದೊಡ್ಡ ತಟ್ಟೆಯಂಥ ಒಂದು ಪರದೆ. ‘ಹಳೇ ಗಾಡಿಯಾಗ ಇಲ್ಲೇ ಕೈಗೆ ಸಿಗತಿತ್ತು ತಮ್ಮಾ, ಇದರಾಗ ಎಲ್ಲಿ ಇಟ್ಟಾರೋ ಏನೋ’ ಅನ್ನುತ್ತ ಅಣ್ಣ ಪರದೆ ಒತ್ತಿದ. ಫ್ಯಾನಿನ ಚಿತ್ರ ಬಂತು. ಇನ್ನೊಮ್ಮೆ ಒತ್ತಿದ. ಗಾಡಿ ತಗ್ಗಿಗೆ ಇಳಿದು ಬೆರಳು ಜಾರಿ, ಹಾಡಿನ ಪಟ್ಟಿ ತೆರೆಯಿತು. ಅದನ್ನು ಮುಚ್ಚಿ ತಲೆ ಎತ್ತುವಷ್ಟರಲ್ಲಿ ಎದುರಿಗೆ ಹಿಂದಿನ ದೀಪವೇ ಇಲ್ಲದ ಒಂದು ಟ್ರ್ಯಾಕ್ಟರ್ ಟ್ರಾಲಿ. ಅಣ್ಣ ಬ್ರೇಕ್ ತುಳಿದ. ಟ್ರಾಲಿಗೆ ಎರಡು ಮಾರು ಇರುವಾಗ ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ದೊಡ್ಡವ್ವ ತಾಂಡೂರು ಬರುವತನಕ ಒಂದು ಮಾತೂ ಆಡಲಿಲ್ಲ.

ಅಣ್ಣ ಹದಿನೆಂಟು ವರ್ಷದಿಂದ ಗಾಡಿ ನಡೆಸುವವನು. ಅವನಿಗೆ ಡ್ರೈವಿಂಗ್ ಬರೋದಿಲ್ಲ ಅನ್ನುವಂತಿಲ್ಲ. ಹಂಗಾದ್ರೆ ತಪ್ಪು ಎಲ್ಲಿ ಆಯಿತು? ಈ ಸಲ ಅದನ್ನೇ ನೋಡೋಣ. ಇದರಲ್ಲಿ ನಿಮ್ಮ ಭೌತಶಾಸ್ತ್ರವೂ ಇದೆ, ಜೀವಶಾಸ್ತ್ರವೂ ಇದೆ.

ಮೊದಲು ಆ ಮಬ್ಬಿನ ವಿಷಯ ಮುಗಿಸಿಬಿಡುತ್ತೇನೆ. ನಮ್ಮ ಉಸಿರಿನಲ್ಲಿ ನೀರಾವಿ ಇದೆ. ಹೊರಗಿನ ಮಳೆಯಿಂದ ಗಾಜು ತಣ್ಣಗಾಗಿರುತ್ತದೆ. ನಾಲ್ಕು ಜನರ ಉಸಿರಿನ ಆವಿ ಆ ತಣ್ಣನೆಯ ಗಾಜಿಗೆ ತಾಗಿ ಸಣ್ಣ ಸಣ್ಣ ಹನಿಯಾಗಿ ಕೂರುತ್ತದೆ. ಇದೇ ಸಾಂದ್ರೀಕರಣ. ಎಸಿ ಗಾಳಿಯಲ್ಲಿ ಆವಿ ಕಡಿಮೆ. ಅದನ್ನು ಗಾಜಿನ ಮೇಲೆ ಬಿಟ್ಟರೆ ಹನಿಗಳು ಮತ್ತೆ ಆವಿಯಾಗಿ ಹೋಗುತ್ತವೆ. ಅಷ್ಟೇ.

ಒಂದು ಸೆಕೆಂಡ್ ಅಂದ್ರೆ ಎಷ್ಟು ಮೀಟರ್?

ಆಗ ನಮ್ಮ ಗಾಡಿಯ ವೇಗ ಗಂಟೆಗೆ ಸುಮಾರು 54 ಕಿಲೋಮೀಟರ್ ಇತ್ತು ಅಂತ ಇಟ್ಟುಕೊಳ್ಳಿ. ಇದನ್ನು ಸೆಕೆಂಡಿಗೆ ಎಷ್ಟು ಮೀಟರ್ ಅಂತ ಬದಲಿಸೋದು ನಿಮಗೆ ಬರುತ್ತದೆ. 5ರಿಂದ ಗುಣಿಸಿ 18ರಿಂದ ಭಾಗಿಸ್ರಿ. 15 ಬಂತಲ್ಲ? ಅಂದ್ರೆ ಪ್ರತಿ ಸೆಕೆಂಡಿಗೆ 15 ಮೀಟರ್. ಅಣ್ಣ ಪರದೆ ನೋಡಿದ್ದು ನಾಲ್ಕು ಸೆಕೆಂಡ್ ಆದರೆ ಗಾಡಿ ಓಡಿದ್ದು 60 ಮೀಟರ್. ಕ್ರಿಕೆಟ್ ಪಿಚ್‌ನ ಉದ್ದ ಸುಮಾರು 20 ಮೀಟರ್. ಮೂರು ಪಿಚ್ ಸಾಲಾಗಿ ಇಟ್ಟಷ್ಟು ದೂರ ನಮ್ಮ ಗಾಡಿ ಕಣ್ಣು ಮುಚ್ಚಿಕೊಂಡೇ ಹೋಯಿತು ಅಂದಂಗಾಯ್ತು.

ತಲೆ ಎತ್ತಿದ ಕೂಡಲೇ ಗಾಡಿ ನಿಲ್ಲುವುದೂ ಇಲ್ಲ. ‘ಅಯ್ಯೋ ಟ್ರಾಲಿ’ ಅಂತ ಮೆದುಳಿಗೆ ತಿಳಿದು ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡ್ ಬೇಕು. ಅದಕ್ಕೆ 15 ಮೀಟರ್. ಆಮೇಲೆ ಬ್ರೇಕ್ ಹಿಡಿದ ಮೇಲೂ ಗಾಡಿ ಸ್ವಲ್ಪ ದೂರ ಹೋಗೇ ಹೋಗುತ್ತದೆ. ಒದ್ದೆ ರಸ್ತೆಯಲ್ಲಿ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 4 ಮೀಟರಿನಂತೆ ಇಳಿಯುತ್ತದೆ ಅಂತ ಹಿಡಿಯೋಣ. ಚಲನೆಯ ಮೂರನೇ ಸಮೀಕರಣ ನೆನಪಿದೆಯಲ್ಲ? ಕೊನೆಯ ವೇಗ ಸೊನ್ನೆ. ಆದ್ದರಿಂದ ವೇಗದ ವರ್ಗವನ್ನು, ಅಂದ್ರೆ 225ನ್ನು, 4ರ ಎರಡರಷ್ಟಾದ 8ರಿಂದ ಭಾಗಿಸಿದರೆ 28 ಮೀಟರ್ ಬಂತು. 15 ಮತ್ತು 28 ಕೂಡಿಸಿದರೆ 43. ಪರದೆ ನೋಡುತ್ತ ಓಡಿದ 60 ಮೀಟರ್ ಇದಕ್ಕಿಂತಲೂ ಹೆಚ್ಚು! ಬ್ರೇಕ್ ಹಿಡಿದು ನಿಲ್ಲೋದಕ್ಕೆ ಬೇಕಾದ ದೂರಕ್ಕಿಂತ ಹೆಚ್ಚು ದೂರವನ್ನು ನಾವು ಒಂದು ಬಟನ್ ಹುಡುಕುವುದರಲ್ಲಿ ಖರ್ಚು ಮಾಡಿದ್ದೆವು.

ಜಹೀರಾಬಾದ್ ದಾಟಿಕೊಂಡು ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿಗಳು 54ರಲ್ಲಿ ಹೋಗೋದಿಲ್ಲ. 72ರ ವೇಗ ಅಂದ್ರೆ ಸೆಕೆಂಡಿಗೆ 20 ಮೀಟರ್, ಪ್ರತಿ ಸೆಕೆಂಡಿಗೆ ಒಂದು ಪಿಚ್. ಇದೊಂದು ಲೆಕ್ಕ ಬಾಯಿಪಾಠ ಇರಲಿ, ಎಲ್ಲಿ ಬೇಕಾದರೂ ಉಪಯೋಗ ಬರುತ್ತದೆ.

ಬೆರಳು ಕತ್ತಲಲ್ಲೂ ನೋಡುತ್ತದೆ

ಈಗ ಒಂದು ಪರೀಕ್ಷೆ ಮಾಡ್ರಿ. ಕೈ ಒಣಗಿರಲಿ. ಕಣ್ಣು ಮುಚ್ಚಿಕೊಂಡು ನಿಮ್ಮ ಮನೆಯ ಸ್ವಿಚ್ ಬೋರ್ಡ್ ಹತ್ತಿರ ಹೋಗಿ ಫ್ಯಾನ್ ಹಾಕಿ. ಕೈ ಗೋಡೆ ಸವರುತ್ತ ಹೋಗುತ್ತದೆ, ಬೋರ್ಡಿನ ಅಂಚು ಸಿಗುತ್ತದೆ, ಮೊದಲನೇ ಸ್ವಿಚ್ಚು, ಎರಡನೇ ಸ್ವಿಚ್ಚು, ‘ಟಕ್’. ಕಣ್ಣು ತೆರೆಯುವ ಅಗತ್ಯವೇ ಬೀಳಲಿಲ್ಲ. ಈಗ ಕಣ್ಣು ಮುಚ್ಚಿಕೊಂಡೇ ಅಪ್ಪನ ಸ್ಮಾರ್ಟ್‌ಫೋನ್‌ನಲ್ಲಿ ನಿಮ್ಮ ಅಮ್ಮನ ನಂಬರ್ ಒತ್ತಿ ನೋಡಿ. ಯಾರಿಗೆ ಫೋನ್ ಹೋಗುತ್ತದೋ ದೇವರೇ ಬಲ್ಲ! ಆದರೆ ಅಜ್ಜಿಯ ಹತ್ತಿರ ಹಳೇ ಬಟನ್ ಫೋನ್ ಇದ್ದರೆ ಅದರಲ್ಲಿ ಇದು ಸಾಧ್ಯ. ಆ ಫೋನಿನ 5ರ ಮೇಲೆ ಬೆರಳಾಡಿಸಿ. ಒಂದು ಸಣ್ಣ ಉಬ್ಬು ಸಿಗುತ್ತದೆ. ಶಾಲೆಯ ಕಂಪ್ಯೂಟರ್ ಕೀಲಿಮಣೆಯಲ್ಲಿ ಎಫ್ ಮತ್ತು ಜೆ ಅಕ್ಷರಗಳ ಮೇಲೂ ಅಂಥದೇ ಗೆರೆ ಇದೆ. ಅವು ಅಲಂಕಾರಕ್ಕೆ ಇಟ್ಟವಲ್ಲ. ಬೆರಳು ಅಲ್ಲಿಂದ ಎಣಿಸಿಕೊಂಡು ಉಳಿದದ್ದನ್ನು ಹುಡುಕಲಿ ಅಂತ ಇಟ್ಟಿದ್ದು.

ಇದು ಹೇಗೆ ಸಾಧ್ಯ? ಎರಡು ಕಾರಣ. ಒಂದು, ನಮ್ಮ ಸ್ನಾಯು ಮತ್ತು ಕೀಲುಗಳಲ್ಲಿರುವ ನರದ ತುದಿಗಳು ‘ಕೈ ಈಗ ಇಲ್ಲಿದೆ’ ಅಂತ ಮೆದುಳಿಗೆ ಸದಾ ಸುದ್ದಿ ಕಳಿಸುತ್ತಿರುತ್ತವೆ. ಅದಕ್ಕೇ ಕಣ್ಣು ಮುಚ್ಚಿದರೂ ತುತ್ತು ಬಾಯಿಗೇ ಹೋಗುತ್ತದೆ, ಮೂಗಿಗೆ ಹೋಗುವುದಿಲ್ಲ. ಎರಡು, ಬೆರಳ ತುದಿಯ ಚರ್ಮ. ಅಲ್ಲಿ ಮೈಸ್ನರ್, ಮರ್ಕೆಲ್, ಪಾಚೀನಿ, ರುಫಿನಿ ಎಂಬ ವಿಜ್ಞಾನಿಗಳ ಹೆಸರಿನ ನಾಲ್ಕು ಬಗೆಯ ಸ್ಪರ್ಶಗ್ರಾಹಕಗಳಿವೆ. ಅಂಚು, ಒತ್ತಡ, ಜಾರುವಿಕೆ, ನಡುಕ, ಚರ್ಮದ ಎಳೆತ ಇವನ್ನೆಲ್ಲ ಅವು ಹಂಚಿಕೊಂಡು ಗುರುತಿಸುತ್ತವೆ.

ಬೆರಳು ಎಷ್ಟು ಸೂಕ್ಷ್ಮ ಅಂತ ಅಳೆಯಬಹುದು. ತಲೆಗೆ ಹಾಕುವ ಒಂದು ಪಿನ್ನನ್ನು ಬಗ್ಗಿಸಿ ಅದರ ಎರಡು ತುದಿಗಳ ನಡುವೆ 3 ಮಿಲಿಮೀಟರ್ ಅಂತರ ಬರುವಂತೆ ಮಾಡ್ರಿ. ಗೆಳೆಯನಿಗೆ ಕಣ್ಣು ಮುಚ್ಚಲು ಹೇಳಿ ಅವನ ಬೆರಳ ತುದಿಗೆ ಮೆಲ್ಲಗೆ ತಾಗಿಸಿ. ‘ಎರಡು’ ಅನ್ನುತ್ತಾನೆ. ಅದನ್ನೇ ಬೆನ್ನಿಗೆ ತಾಗಿಸಿ. ‘ಒಂದು’ ಅನ್ನುತ್ತಾನೆ. ಅಂತರ ಹೆಚ್ಚಿಸುತ್ತ ಹೋಗಿ. ಬೆನ್ನಿನಲ್ಲಿ ಎರಡು ಅಂತ ತಿಳಿಯಲು ಸುಮಾರು 4 ಸೆಂಟಿಮೀಟರ್ ಬೇಕಾಗುತ್ತದೆ. ಬ್ರೈಲ್ ಲಿಪಿಯ ಚುಕ್ಕಿಗಳ ನಡುವಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್ ಇರುವುದು ಸುಮ್ಮನೆ ಅಲ್ಲ. ಕಣ್ಣಿಲ್ಲದವರು ಇಡೀ ಪುಸ್ತಕವನ್ನೇ ಓದುವಷ್ಟು ಶಕ್ತಿ ಆ ತುದಿಗೆ ಇದೆ.

ಈಗ ಬಟನ್ ಕಡೆ ಬನ್ನಿ. ಒಂದು ಬಟನ್ ಒತ್ತುವುದು ಒಂದೇ ಕೆಲಸದ ಹಾಗೆ ಕಾಣುತ್ತದೆ, ಆದರೆ ಅದರಲ್ಲಿ ಮೂರು ಕೆಲಸ ಇವೆ. ಹುಡುಕುವುದು, ಒತ್ತುವುದು, ಒತ್ತಿದ್ದು ಆಯಿತೇ ಅಂತ ತಿಳಿಯುವುದು. ಬಟನ್ನಿನ ಅಂಚು ಮೊದಲ ಕೆಲಸಕ್ಕೆ, ಒಳಗಿನ ಸ್ಪ್ರಿಂಗ್ ಎರಡನೆಯದಕ್ಕೆ, ‘ಟಕ್’ ಅನ್ನುವ ಏಟು ಮೂರನೆಯದಕ್ಕೆ. ಮೂರೂ ಬೆರಳಿನಲ್ಲೇ ಮುಗಿಯುತ್ತವೆ, ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ. ತಿರುವುವ ಗುಂಡಿ ಇದ್ದರೆ ಇನ್ನೂ ಒಂದು ಲಾಭ. ಫ್ಯಾನ್ ಎಷ್ಟರಲ್ಲಿದೆ ಅನ್ನೋದು ಗುಂಡಿ ಎಷ್ಟು ತಿರುಗಿದೆ ಅನ್ನೋದರಿಂದಲೇ ಗೊತ್ತಾಗುತ್ತದೆ.

ಪರದೆಗೆ ಬೆರಳು ಹೇಗೆ ತಿಳಿಯುತ್ತದೆ?

ಹಂಗಂತ ಟಚ್‌ಸ್ಕ್ರೀನ್ ದಡ್ಡ ಯಂತ್ರ ಅಲ್ಲ. ಅದರ ಒಳಗೆ ಇರುವುದು ಚೆಂದದ ವಿಜ್ಞಾನ.

ಎರಡು ಲೋಹದ ಫಲಕಗಳನ್ನು ನಡುವೆ ಅವಾಹಕ ಇಟ್ಟು ಎದುರುಬದುರು ನಿಲ್ಲಿಸಿದರೆ ಅವು ವಿದ್ಯುದಾವೇಶವನ್ನು ಹಿಡಿದಿಡುತ್ತವೆ. ಇದನ್ನು ಕೆಪಾಸಿಟರ್ ಅಂತೀವಿ, ಕನ್ನಡದಲ್ಲಿ ಧಾರಕ. ನಿಮ್ಮ ಮನೆಯ ಸೀಲಿಂಗ್ ಫ್ಯಾನಿನಲ್ಲಿ ಒಂದು ಇದೆ. ಅದು ಕೆಟ್ಟರೆ ಫ್ಯಾನ್ ತಿರುಗದೆ ಗುಂಯ್‌ಗುಡುತ್ತದೆ. ಫೋನಿನ ಗಾಜಿನ ಕೆಳಗೆ ಇಂಡಿಯಮ್ ಟಿನ್ ಆಕ್ಸೈಡ್ ಎಂಬ ವಸ್ತುವಿನ ತೆಳು ಪಟ್ಟಿಗಳು ಅಡ್ಡ ಮತ್ತು ಉದ್ದ ಹಾಯ್ದಿರುತ್ತವೆ. ಈ ವಸ್ತುವಿನ ವಿಶೇಷ ಏನಂದ್ರೆ, ಇದು ವಿದ್ಯುತ್ತನ್ನೂ ಹರಿಯಬಿಡುತ್ತದೆ, ಬೆಳಕನ್ನೂ ಹಾಯಬಿಡುತ್ತದೆ. ಅದಕ್ಕೇ ನಮಗೆ ಆ ಪಟ್ಟಿಗಳು ಕಾಣೋದಿಲ್ಲ. ಅಡ್ಡಪಟ್ಟಿ ಉದ್ದಪಟ್ಟಿಯನ್ನು ದಾಟುವ ಪ್ರತಿ ಜಾಗದಲ್ಲಿ ಒಂದೊಂದು ಪುಟ್ಟ ಧಾರಕ. ನಮ್ಮ ಮೈಯಲ್ಲಿ ಉಪ್ಪು ಬೆರೆತ ನೀರಿದೆ, ಆದ್ದರಿಂದ ನಾವೂ ವಾಹಕರೇ. ಬೆರಳು ಹತ್ತಿರ ಬಂದರೆ ಆ ಜಾಗದ ಧಾರಕದ ಆವೇಶದಲ್ಲಿ ಸ್ವಲ್ಪ ಬದಲಾವಣೆ ಆಗುತ್ತದೆ. ಒಳಗಿನ ಚಿಪ್ ಸೆಕೆಂಡಿಗೆ ಹತ್ತಾರು ಸಲ ಎಲ್ಲ ಜಾಗಗಳನ್ನೂ ಪರೀಕ್ಷಿಸುತ್ತ ‘ಎಲ್ಲಿ ಬದಲಾಯಿತು’ ಅಂತ ಲೆಕ್ಕ ಹಾಕುತ್ತದೆ.

ನಂಬಿಕೆ ಬರದಿದ್ದರೆ ಮಾಡಿ ನೋಡಿ. ಪೆನ್ನಿನ ಪ್ಲಾಸ್ಟಿಕ್ ಮುಚ್ಚಳದಿಂದ ಫೋನ್ ಒತ್ತಿ. ಏನೂ ಆಗೋದಿಲ್ಲ. ಸೌತೆಕಾಯಿ ಹೋಳು ಕೈಯಲ್ಲಿ ಹಿಡಿದು ಒತ್ತಿ, ಫೋನ್ ಅದನ್ನು ಬೆರಳು ಅಂದುಕೊಳ್ಳುತ್ತದೆ. ಆಮೇಲೆ ಪರದೆ ಒರೆಸಿಡಿ, ಇಲ್ಲಾಂದ್ರೆ ಬೈಗುಳ ನಿಮಗೆ, ನನಗಲ್ಲ. ಒದ್ದೆ ಕೈಯಿಂದ ಒತ್ತಿದಾಗ ಫೋನ್ ಹುಚ್ಚುಚ್ಚಾಗಿ ಆಡುವುದೂ ಇದೇ ಕಾರಣಕ್ಕೆ. ನೀರಿನ ಹನಿಯೂ ಅದಕ್ಕೆ ಬೆರಳಿನಂತೆ ಕಾಣಬಹುದು.

ಇದು ಇತ್ತೀಚಿನ ಕಲ್ಪನೆ ಅಲ್ಲ. ಇಂಗ್ಲೆಂಡಿನ ಇ. ಎ. ಜಾನ್ಸನ್ ಎಂಬವರು 1965ರಲ್ಲೇ ವಿಮಾನ ಸಂಚಾರ ನಿಯಂತ್ರಣಕ್ಕಾಗಿ ಬೆರಳಿನಿಂದ ಮುಟ್ಟುವ ಪರದೆಯ ಬಗ್ಗೆ ಬರೆದಿದ್ದರು. ಅಮೆರಿಕದ ಬ್ಯೂಕ್ ರಿವೇರಾ ಕಾರಿನಲ್ಲಿ 1986ರಲ್ಲೇ ಹಳೇ ಟಿವಿಯಂಥ ಟಚ್ ಪರದೆ ಬಂದಿತ್ತು. ಎಸಿ, ರೇಡಿಯೋ ಎಲ್ಲ ಅದರಲ್ಲೇ. ಕೆಲವೇ ವರ್ಷಗಳಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. 2007ರಲ್ಲಿ ಐಫೋನ್ ಬಂದ ಮೇಲೆ ಎಲ್ಲರ ಕೈಗೂ ಟಚ್ ರೂಢಿಯಾಯಿತು. 2012ರಲ್ಲಿ ಟೆಸ್ಲಾ ತನ್ನ ಮಾಡೆಲ್ ಎಸ್ ಕಾರಿನ ನಡುವೆ 17 ಇಂಚಿನ ಪರದೆ ನಿಲ್ಲಿಸಿತು. ಆಮೇಲೆ ಉಳಿದವರೂ ಅದೇ ದಾರಿ ಹಿಡಿದರು.

ಸರಿ, ವಿಜ್ಞಾನ ಚೆಂದ ಇದೆ. ಆದರೆ ಮೇಲೆ ಹೇಳಿದ ಮೂರು ಕೆಲಸಗಳಿಗೆ ಇದನ್ನು ಹೋಲಿಸಿ ನೋಡಿ. ಗಾಜು ಎಲ್ಲ ಕಡೆ ಒಂದೇ ನುಣುಪು. ಅಂಚಿಲ್ಲ, ಉಬ್ಬಿಲ್ಲ. ಬೆರಳಿನ ತುದಿಯಲ್ಲಿ ಅಷ್ಟು ಗ್ರಾಹಕಗಳಿದ್ದರೂ ಅವಕ್ಕೆ ಓದಲು ಏನೂ ಬರೆದಿಲ್ಲ. ಆದ್ದರಿಂದ ಹುಡುಕುವ ಕೆಲಸ ಪೂರ್ತಿ ಕಣ್ಣಿಗೆ ಬಿತ್ತು. ಕಣ್ಣಿಗೆ ಆಗಲೇ ಒಂದು ಕೆಲಸ ಇದೆ, ರಸ್ತೆ ನೋಡುವುದು.

ಇನ್ನೊಂದು ತೊಂದರೆ. ಬಟನ್ ಮೇಲೆ ಬೆರಳಿಟ್ಟು ಸುಮ್ಮನೆ ಇರಬಹುದು, ಒತ್ತುವತನಕ ಅದು ಕಾಯುತ್ತದೆ. ಪರದೆಗೆ ಹಾಗಲ್ಲ, ತಾಗಿದರೇ ಒತ್ತಿದ ಹಾಗೆ. ಸವರಿ ಹುಡುಕುವಂತಿಲ್ಲ. ಅದೂ ನಮ್ಮ ರಸ್ತೆಗಳಲ್ಲಿ! ತಾಂಡೂರಿನ ಪರ್ಸಿ ಕಲ್ಲು, ಸಿಮೆಂಟು ಹೊತ್ತ ಲಾರಿಗಳು ಓಡಾಡುವ ದಾರಿ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಗಾಡಿ ತಗ್ಗಿಗೆ ಇಳಿದಾಗ ಪರದೆ ಗಾಡಿಯ ಜೊತೆ ಕೆಳಗೆ ಹೋಗುತ್ತದೆ, ಚಾಚಿದ ಕೈ ಜಡತ್ವದಿಂದಾಗಿ ಇದ್ದಲ್ಲೇ ಇರಲು ನೋಡುತ್ತದೆ. ಒತ್ತಬೇಕಾದದ್ದು ಒಂದು, ಒತ್ತಿದ್ದು ಇನ್ನೊಂದು. ಅಣ್ಣನ ಕಾರಿನಲ್ಲಿ ಹಾಡಿನ ಪಟ್ಟಿ ತೆರೆದದ್ದು ಹೀಗೆ. ಕೆಲವು ಪರದೆಗಳು ಒತ್ತಿದಾಗ ‘ಝುಂ’ ಅಂತ ಸಣ್ಣಗೆ ನಡುಗುತ್ತವೆ. ಅದು ಮೂರನೇ ಕೆಲಸಕ್ಕೆ ಸಹಾಯ, ಮೊದಲನೆಯದಕ್ಕೆ ಅಲ್ಲ.

ಟ್ರ್ಯಾಕ್ಟರ್ ಕಲಿಸುವ ಪಾಠ

ಜಹೀರಾಬಾದಿನವರಿಗೆ ಗಾಡಿ ತಯಾರಿಕೆ ಹೊಸ ವಿಷಯ ಅಲ್ಲ. 1980ರ ದಶಕದಲ್ಲೇ ಇಲ್ಲಿ ಆಲ್ವಿನ್ ನಿಸಾನ್ ಹೆಸರಿನ ಸಣ್ಣ ಲಾರಿಗಳು ತಯಾರಾಗುತ್ತಿದ್ದವು. ಆಮೇಲೆ ಅದು ಮಹೀಂದ್ರಾ ಕೈಗೆ ಬಂತು. 2013ರಲ್ಲಿ ಮಹೀಂದ್ರಾದವರ ದೊಡ್ಡ ಟ್ರ್ಯಾಕ್ಟರ್ ಕಾರ್ಖಾನೆಯೂ ಇಲ್ಲಿ ಶುರುವಾಯಿತು. ನಿಮ್ಮಲ್ಲಿ ಕೆಲವರ ಅಪ್ಪ, ಕಾಕಾ, ಅಣ್ಣ ಅಲ್ಲಿ ಕೆಲಸಕ್ಕೆ ಹೋಗುವವರಿರಬಹುದು. ನಾಳೆ ಐಟಿಐ ಮುಗಿಸಿ ನೀವೂ ಹೋಗಬಹುದು. ಅದಕ್ಕೇ ಈ ವಿಷಯ ನಮ್ಮದು ಅಂತ ನಾನು ಹೇಳೋದು.

ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುವವರನ್ನು ಗಮನವಿಟ್ಟು ನೋಡಿದ್ದೀರಾ? ನಾರಾಯಣಖೇಡ ಕಡೆ ತೊಗರಿ, ಹತ್ತಿ ಬಿತ್ತನೆಗೆ ಮೊದಲು ಕಲ್ಟಿವೇಟರ್ ಹೊಡೆಯುವಾಗ ಡ್ರೈವರ್ ಮುಂದೆ ಒಂದು ಸಲ ನೋಡಿ, ಕತ್ತು ತಿರುಗಿಸಿ ಹಿಂದೆ ನೋಡುತ್ತಾನೆ. ಕುಳಗಳು ನೆಲಕ್ಕೆ ಎಷ್ಟು ಇಳಿದಿವೆ ಅಂತ ಅವನ ಕಣ್ಣು ನೋಡುತ್ತಿರುತ್ತದೆ. ಎಡಗೈ ಸ್ಟೀರಿಂಗ್ ಮೇಲೆ. ಬಲಗೈ ಸೀಟಿನ ಪಕ್ಕದ ಹೈಡ್ರಾಲಿಕ್ ಲಿವರ್ ಮೇಲೆ. ಕಲ್ಲು ಕಂಡರೆ ಲಿವರ್ ಎತ್ತುತ್ತಾನೆ, ಎಣ್ಣೆಯ ಒತ್ತಡದಿಂದ ಕಲ್ಟಿವೇಟರ್ ಮೇಲೇಳುತ್ತದೆ. ಪಾಸ್ಕಲ್ ನಿಯಮ ಅಲ್ಲಿ ಕೆಲಸ ಮಾಡುತ್ತಿದೆ, ಆದರೆ ಈಗ ನಾನು ಹೇಳಬೇಕಾದದ್ದು ಅದಲ್ಲ. ಅವನು ಲಿವರ್ ಕಡೆ ಒಂದು ಸಲವೂ ನೋಡುವುದಿಲ್ಲ! ನೋಡಿದರೆ ಕುಳ ಕಲ್ಲಿಗೆ ಬಡಿಯುತ್ತದೆ. ಆ ಲಿವರ್ ಜಾಗದಲ್ಲಿ ಒಂದು ನುಣುಪು ಗಾಜು ಇಟ್ಟು ‘ಇದನ್ನು ಒತ್ತಪಾ’ ಅಂದ್ರೆ ಅವನ ಗತಿ ಏನು?

ಅದೇ ಮಹೀಂದ್ರಾ ಕಂಪನಿ 2024ರ ನವೆಂಬರಿನಲ್ಲಿ ಹೊರತಂದ ಎಕ್ಸ್‌ಇವಿ 9ಇ ಎಂಬ ವಿದ್ಯುತ್ ಕಾರಿನಲ್ಲಿ 12.3 ಇಂಚಿನ ಮೂರು ಪರದೆಗಳು ಸಾಲಾಗಿ ಇವೆ. ಟ್ರ್ಯಾಕ್ಟರಿನಲ್ಲಿ ಲಿವರ್, ಕಾರಿನಲ್ಲಿ ಪರದೆ. ಎರಡನ್ನೂ ಮಾಡುವವರು ಒಬ್ಬರೇ.

ಕೈಗೆ ತಿಳಿಯುವಂತೆ ಲಿವರ್ ಮಾಡುವುದು ಎಷ್ಟು ಮುಖ್ಯ ಅಂತ ವಿಮಾನದವರು ಎರಡನೇ ಮಹಾಯುದ್ಧದ ಕಾಲದಲ್ಲೇ ಕಲಿತರು. ಅಮೆರಿಕದ ಬಿ-17 ವಿಮಾನಗಳು ಸರಿಯಾಗಿ ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಎಳೆಯಲು ಹೋಗಿ ಚಕ್ರವನ್ನೇ ಒಳಗೆ ಎಳೆದುಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಅಲ್ಫೋನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ನೋಡಿದಾಗ ಎರಡೂ ಹಿಡಿಗಳು ಅಕ್ಕಪಕ್ಕ ಇದ್ದು ಕೈಗೆ ಒಂದೇ ಥರ ಸಿಗುತ್ತಿದ್ದವು. ಅವರು ಚಕ್ರದ ಹಿಡಿಗೆ ಪುಟ್ಟ ಚಕ್ರದ ಆಕಾರ, ಫ್ಲ್ಯಾಪಿನ ಹಿಡಿಗೆ ಬೆಣೆಯ ಆಕಾರ ಕೊಡಿಸಿದರು. ಇಂದಿನ ವಿಮಾನಗಳಲ್ಲೂ ಚಕ್ರ ಇಳಿಸುವ ಹಿಡಿ ಚಕ್ರದ ಆಕಾರದಲ್ಲೇ ಇರುತ್ತದೆ. ಪೈಲಟ್ ದಡ್ಡ ಅಂತ ಬೈದು ಕೂತಿದ್ದರೆ ಈ ಪರಿಹಾರ ಸಿಗುತ್ತಿರಲಿಲ್ಲ.

ಅಳತೆ ಮಾಡಿ ನೋಡಿದವರು

‘ಹೊಸದು ಅಂತ ಹಂಗನಸ್ತದ, ರೂಢಿ ಆದ್ರೆ ಸರಿ ಹೋಗ್ತದ’ ಅಂತ ಅಣ್ಣ ಈಗಲೂ ಹೇಳುತ್ತಾನೆ. ನ್ಯಾಯವಾದ ಮಾತು. ವಿಜ್ಞಾನದಲ್ಲಿ ಇಂಥ ಮಾತಿಗೆ ಉತ್ತರ ಅಳತೆಯಿಂದ ಕೊಡಬೇಕು.

ಸ್ವೀಡನ್ನಿನ ‘ವಿ ಬಿಲ್ಯೆಗಾರೆ’ ಎಂಬ ವಾಹನ ಪತ್ರಿಕೆ 2022ರಲ್ಲಿ ಅಳತೆ ಮಾಡಿತು. ವಿಮಾನ ಇಳಿಯುವ ಖಾಲಿ ರನ್‌ವೇ ಮೇಲೆ, ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹನ್ನೊಂದು ಹೊಸ ಕಾರು, ಒಂದು ಹಳೇ ಕಾರು. ಸೀಟು ಬೆಚ್ಚಗೆ ಮಾಡುವುದು, ಗಾಜಿನ ಮಬ್ಬು ತೆಗೆಯುವುದು, ರೇಡಿಯೋ ಬದಲಿಸುವುದು, ದೀಪದ ಬೆಳಕು ತಗ್ಗಿಸುವುದು ಇಂಥ ಕೆಲವು ಕೆಲಸ. ಓಡಿಸುವವರಿಗೆ ಮೊದಲೇ ಆ ಕಾರಿನ ರೂಢಿ ಮಾಡಿಕೊಳ್ಳಲು ಸಮಯವನ್ನೂ ಕೊಟ್ಟಿದ್ದರು. ಬಟನ್‌ಗಳೇ ತುಂಬಿದ್ದ 2005ರ ವೋಲ್ವೋ ವಿ70 ಕಾರಿನಲ್ಲಿ ಎಲ್ಲ ಕೆಲಸ 10 ಸೆಕೆಂಡಿಗೆ ಮುಗಿಯಿತು. ಅಷ್ಟರಲ್ಲಿ ಕಾರು ಓಡಿದ್ದು 306 ಮೀಟರ್. ಎಲ್ಲಕ್ಕಿಂತ ಹಿಂದೆ ಬಿದ್ದ ಎಂಜಿ ಮಾರ್ವೆಲ್ ಆರ್ ಎಂಬ ಹೊಸ ಕಾರಿಗೆ 44.9 ಸೆಕೆಂಡ್ ಬೇಕಾಯಿತು. 1372 ಮೀಟರ್! ಒಂದೂಕಾಲು ಕಿಲೋಮೀಟರಿಗಿಂತ ಹೆಚ್ಚು. ನನ್ನ ಮಾತು ನಂಬಬೇಡಿ, 110ನ್ನು ಸೆಕೆಂಡಿಗೆ ಮೀಟರ್ ಮಾಡಿ ಗುಣಿಸಿ ನೋಡಿ.

ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲಾಂದ್ರೆ ಅನ್ಯಾಯ ಆಗುತ್ತದೆ. ಅದೇ ಪರೀಕ್ಷೆಯಲ್ಲಿ ಟಚ್‌ಸ್ಕ್ರೀನ್ ಇದ್ದ ಡಾಸಿಯಾ ಸ್ಯಾಂಡೆರೋ 13.5 ಸೆಕೆಂಡಿನಲ್ಲೂ ವೋಲ್ವೋ ಸಿ40 ಎಂಬ ಕಾರು 13.7 ಸೆಕೆಂಡಿನಲ್ಲೂ ಮುಗಿಸಿದವು. ಅಂದ್ರೆ ಪರದೆ ಇದ್ದ ಮಾತ್ರಕ್ಕೆ ಕೆಟ್ಟದು ಅಂತಲ್ಲ. ಒಂದು ಕೆಲಸವನ್ನು ಎಷ್ಟು ಪುಟಗಳ ಒಳಗೆ ಬಚ್ಚಿಟ್ಟಿದ್ದಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಜರ್ಮನಿಯಲ್ಲಿ ನಡೆದ ಒಂದು ಪ್ರಕರಣ ಓದಿದಾಗ ನನಗೆ ನಮ್ಮ ಮಳೆಯ ದಿನವೇ ನೆನಪಾಯಿತು. ಟೆಸ್ಲಾ ಕಾರಿನವರೊಬ್ಬರು ಜೋರು ಮಳೆಯಲ್ಲಿ ವೈಪರಿನ ವೇಗ ಬದಲಿಸಲು ಪರದೆ ನೋಡುತ್ತಿದ್ದಾಗ ಕಾರು ರಸ್ತೆ ಬಿಟ್ಟು ಹೋಗಿ ಮರಗಳಿಗೆ ಬಡಿಯಿತು. ಕಾರ್ಲ್ಸ್‌ರೂಹೆ ನಗರದ ಉಚ್ಚ ನ್ಯಾಯಾಲಯ 2020ರಲ್ಲಿ ಅವರಿಗೆ ಹಾಕಿದ್ದ 200 ಯೂರೋ ದಂಡವನ್ನೂ ಒಂದು ತಿಂಗಳ ಚಾಲನೆ ನಿಷೇಧವನ್ನೂ ಎತ್ತಿಹಿಡಿಯಿತು. ಕಾನೂನು ಡ್ರೈವರನ್ನು ಹಿಡಿಯಿತು. ವೈಪರನ್ನು ಪರದೆಯೊಳಗೆ ಇಟ್ಟವರನ್ನು ಹಿಡಿಯಲಿಲ್ಲ. ಇದು ಸರಿಯೇ ಅಂತ ನೀವು ತರಗತಿಯಲ್ಲಿ ಚರ್ಚೆ ಮಾಡಬಹುದು. ನನಗಂತೂ ಪೂರ್ತಿ ಸರಿ ಅನ್ನಿಸಲಿಲ್ಲ.

ನೀರಿನ ಮೇಲೂ ಇದೇ ಆಗಿದೆ. 2017ರ ಆಗಸ್ಟ್ 21ರಂದು ಸಿಂಗಪುರದ ಹತ್ತಿರ ಅಮೆರಿಕದ ಜಾನ್ ಎಸ್. ಮೆಕೇನ್ ಎಂಬ ಯುದ್ಧನೌಕೆ ಒಂದು ತೈಲ ಹಡಗಿಗೆ ಬಡಿದು 10 ನಾವಿಕರು ಸತ್ತರು. ನೌಕೆಯ ಸ್ಟೀರಿಂಗ್ ಮತ್ತು ವೇಗದ ನಿಯಂತ್ರಣ ಟಚ್‌ಸ್ಕ್ರೀನಿನಲ್ಲಿತ್ತು. ನಿಯಂತ್ರಣ ಯಾವ ಪರದೆಯಲ್ಲಿದೆ ಅನ್ನೋದೇ ಸಿಬ್ಬಂದಿಗೆ ಗೊಂದಲವಾಯಿತು. ಎರಡೂ ಬದಿಯ ವೇಗ ತಗ್ಗಿಸುತ್ತಿದ್ದೇವೆ ಅಂದುಕೊಂಡರು, ತಗ್ಗಿದ್ದು ಒಂದೇ ಬದಿಯದು. ಕೈಯಲ್ಲಿ ಹಿಡಿಯುವ ಎರಡು ಲಿವರ್ ಇದ್ದಿದ್ದರೆ ಒಂದು ಹಿಂದೆ ಒಂದು ಮುಂದೆ ಇರುವುದು ಕೈಗೇ ತಿಳಿಯುತ್ತಿತ್ತು. ತರಬೇತಿಯ ಕೊರತೆಯೂ ಕಾರಣವಾಗಿತ್ತು ಅನ್ನಿ. 2019ರಲ್ಲಿ ಅಮೆರಿಕದ ನೌಕಾಪಡೆ ವೇಗದ ನಿಯಂತ್ರಣಕ್ಕೆ ಮತ್ತೆ ಲಿವರ್ ಹಾಕಿಸಲು ತೀರ್ಮಾನಿಸಿತು.

ಮತ್ತೆ ಕಂಪನಿಗಳು ಯಾಕೆ ಪರದೆ ಹಾಕುತ್ತವೆ? ಪ್ರತಿ ಬಟನ್ನಿಗೂ ಅಚ್ಚು ಬೇಕು, ಸ್ಪ್ರಿಂಗ್ ಬೇಕು, ವೈರ್ ಬೇಕು, ಕೂಡಿಸುವ ಕೈ ಬೇಕು. ಒಂದು ಪರದೆ ಇಟ್ಟರೆ ಅದೆಲ್ಲ ಉಳಿಯುತ್ತದೆ, ಮತ್ತು ಅದನ್ನೇ ಹತ್ತು ಮಾದರಿ ಕಾರಿಗೂ ಹಾಕಬಹುದು. ಗಾಡಿ ಮಾರಿದ ಮೇಲೂ ಸಾಫ್ಟ್‌ವೇರ್ ಬದಲಿಸಿ ಹೊಸ ಸೌಲಭ್ಯ ಕೊಡಬಹುದು. ಶೋರೂಮಿನಲ್ಲಿ ದೊಡ್ಡ ಪರದೆ ಕಂಡರೆ ಕೊಳ್ಳುವವರ ಕಣ್ಣೂ ಅರಳುತ್ತದೆ, ನಮ್ಮ ಅಣ್ಣನ ಕಣ್ಣು ಅರಳಿದ್ದನ್ನು ನಾನೇ ನೋಡಿದ್ದೇನೆ. ನಿಜವಾದ ಉಪಯೋಗವೂ ಇದೆ. ಹಿಂದೆ ತೆಗೆಯುವಾಗ ಕ್ಯಾಮೆರಾ ಚಿತ್ರ ಬರುತ್ತದೆ, ಹಿಂದೆ ಕೂಸು ಆಡುತ್ತಿದ್ದರೆ ಕಾಣುತ್ತದೆ. ದಾರಿಯ ನಕ್ಷೆ ಬರುತ್ತದೆ. ಇವಕ್ಕೆ ಪರದೆಯೇ ಬೇಕು.

ಈಗ ಗಾಳಿ ಸ್ವಲ್ಪ ತಿರುಗಿದೆ. ಯುರೋಪಿನಲ್ಲಿ ಹೊಸ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯ 2026ರ ನಿಯಮದಂತೆ ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್ ಮತ್ತು ತುರ್ತು ಕರೆ ಈ ಐದಕ್ಕೆ ಕೈಗೆ ಸಿಗುವ ಬಟನ್ನೋ ಕಡ್ಡಿಯೋ ಇದ್ದರೆ ಮಾತ್ರ ಪೂರ್ಣ ಅಂಕ. ಎಲ್ಲವನ್ನೂ ಪರದೆಗೆ ತಳ್ಳಿದ್ದ ಫೋಕ್ಸ್‌ವ್ಯಾಗನ್ ಕಂಪನಿಯ ವಿನ್ಯಾಸ ಮುಖ್ಯಸ್ಥರು ಮುಖ್ಯ ಕೆಲಸಗಳ ಬಟನ್‌ಗಳನ್ನು ಮತ್ತೆ ತರುತ್ತೇವೆ ಅಂತ 2025ರಲ್ಲಿ ಹೇಳಿದರು. ನಮ್ಮ ದೇಶದಲ್ಲೂ 2023ರಿಂದ ಭಾರತ್ ಎನ್‌ಕ್ಯಾಪ್ ಎಂಬ ನಕ್ಷತ್ರ ವ್ಯವಸ್ಥೆ ಇದೆ. ಅಲ್ಲಿಯೂ ಬೆರಳಿಗೆ ಒಂದು ಅಂಕ ಸಿಗಲಿ ಅನ್ನೋದು ನನ್ನ ಆಸೆ.

ಅಲ್ಲಿಯತನಕ ಅಣ್ಣನ ಕಾರಿನಲ್ಲಿ ನಾವು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಗಾಳಿ, ಹಾಡು, ದಾರಿ ಎಲ್ಲ ಗಾಡಿ ಹೊರಡುವ ಮುಂಚೆಯೇ ಹಾಕಿಡುವುದು. ನಡುವೆ ಏನಾದರೂ ಬೇಕಾದರೆ ಪರದೆ ಮುಟ್ಟುವ ಕೆಲಸ ಪಕ್ಕದಲ್ಲಿ ಕೂತವರದು. ಯಾರೂ ಇಲ್ಲದಿದ್ದರೆ ಗಾಡಿ ಪಕ್ಕಕ್ಕೆ ನಿಲ್ಲಿಸುವುದು. ಮುಂದಿನ ಸೀಟಿನಲ್ಲಿ ನೀವು ಕೂತಾಗ ಆ ಕೆಲಸ ನೀವು ತಗೊಳ್ಳಿ.

ಕೊನೆಗೆ ತರಗತಿಯಲ್ಲೇ ಮಾಡುವ ಒಂದು ಪ್ರಯೋಗ. ಒಬ್ಬರು ಕುರ್ಚಿಯಲ್ಲಿ ಕೂರಿ, ಅವರು ಡ್ರೈವರ್. ಹತ್ತು ಹೆಜ್ಜೆ ದೂರದಲ್ಲಿ ಇನ್ನೊಬ್ಬರು ನಿಂತು ಸೆಕೆಂಡಿಗೊಮ್ಮೆ ಬೇರೆ ಬೇರೆ ಸಂಖ್ಯೆಯ ಬೆರಳು ತೋರಿಸಲಿ, ಒಟ್ಟು 20 ಸಲ. ಡ್ರೈವರ್ ಅದನ್ನು ಕೂಗಿ ಹೇಳುತ್ತಿರಬೇಕು. ಮೊದಲ ಸುತ್ತಿನಲ್ಲಿ ಡ್ರೈವರ್ ಕೈಯಲ್ಲಿ ಬಟನ್ ಇರುವ ಕ್ಯಾಲ್ಕುಲೇಟರ್ ಅಥವಾ ಟಾರ್ಚ್ ಕೊಟ್ಟು ಆನ್ ಮಾಡು, ಆಫ್ ಮಾಡು ಅನ್ನಿ. ಎರಡನೇ ಸುತ್ತಿನಲ್ಲಿ ಮಾಸ್ತರ ಫೋನ್ ಕೊಟ್ಟು ಅದರಲ್ಲಿ ಟಾರ್ಚ್ ಆನ್ ಮಾಡಿ, ಆಫ್ ಮಾಡಿ, ಆಮೇಲೆ ಕ್ಯಾಲ್ಕುಲೇಟರ್ ತೆರೆದು 7 ಗುಣಿಸು 8 ಮಾಡಲು ಹೇಳಿ. ಮೂರನೆಯವರು ಎಷ್ಟು ಸಂಖ್ಯೆ ತಪ್ಪಿದವು ಅಂತ ಬರೆದುಕೊಳ್ಳಲಿ. ಒಂದು ತಪ್ಪನ್ನು ಒಂದು ಸೆಕೆಂಡ್ ಅಂತ ಹಿಡಿದು, ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ನಿಮ್ಮ ಡ್ರೈವರ್ ಎಷ್ಟು ಪಿಚ್ ದೂರ ರಸ್ತೆ ನೋಡದೆ ಹೋದರು ಅಂತ ಲೆಕ್ಕ ಹಾಕ್ರಿ. ಊರಲ್ಲಿ ಟ್ರ್ಯಾಕ್ಟರ್ ಹೊಡೆಯುವ ಕಾಕಾ ಒಬ್ಬರು ಸಿಕ್ಕರೆ ಅವರಿಗೆ ಕಣ್ಣು ಮುಚ್ಚಿಸಿ, ನಿಂತ ಟ್ರ್ಯಾಕ್ಟರಿನಲ್ಲಿ ಇಂಜಿನ್ ಬಂದ್ ಇರುವಾಗ, ಎಷ್ಟು ಲಿವರ್‌ಗಳನ್ನು ಕೈಯಿಂದಲೇ ಗುರುತಿಸುತ್ತಾರೆ ಅಂತ ಎಣಿಸಿ ಬನ್ನಿ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಕಡೆಯ ಶಾಲೆಗಳ ಅಂಕಿ ಒಂದೇ ಹಾಳೆಯ ಮೇಲೆ ಬರೆದು ಹೋಲಿಸೋಣ.